ಸರ್ವರ್ ಡೌನ್ ಅಲ್ಲ, ಫಾರ್ಮೇ ಹಾಗಿದೆ

ಸರ್ಕಾರಿ ಇಲಾಖೆಯದ್ದಿರಲಿ, ಬ್ಯಾಂಕಿನದ್ದಿರಲಿ, ವಿಮೆ ಕಂಪನಿಯದ್ದಿರಲಿ, ಆನ್‌ಲೈನ್ ಅರ್ಜಿ ಮುಂದಕ್ಕೆ ಹೋಗದಿದ್ದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಸರ್ವರ್ ಡೌನ್’. ಬಹಳಷ್ಟು ಸಲ ಸರ್ವರ್ ಚೆನ್ನಾಗಿಯೇ ಇರುತ್ತದೆ. ಅರ್ಜಿ ಸಿಕ್ಕಿಕೊಳ್ಳುವುದು ಫೋಟೊ, ಹೆಸರು, ಸೆಷನ್ (ಲಾಗಿನ್ ಆದಮೇಲೆ ಕೆಲಸ ಮಾಡಲು ಸಿಗುವ ಅವಧಿ), ಹಣ ಪಾವತಿ ಎಂಬ ನಾಲ್ಕೈದು ಜಾಗಗಳಲ್ಲಿ, ಅದೂ ಯಾವಾಗಲೂ ಅವೇ ಕಾರಣಗಳಿಗೆ. ಆ ಕಾರಣಗಳನ್ನು ಬಗೆದು ನೋಡಿದರೆ ಸಿಗುವುದು ಒಂದೇ ಚಾಳಿ. ಯಂತ್ರ ಕ್ಷಣದಲ್ಲಿ ಮಾಡಿ ಮುಗಿಸಬಹುದಾದ ಕೆಲಸವನ್ನು ಅರ್ಜಿದಾರರ ತಲೆಗೆ ಕಟ್ಟುವುದು, ಅವರು ಎಡವಿದಾಗ ‘ಇನ್‌ವ್ಯಾಲಿಡ್ ಇನ್‌ಪುಟ್’ ಎಂದು ಕೆಂಪಕ್ಷರದಲ್ಲಿ ಬರೆದು ಸುಮ್ಮನಾಗುವುದು.

ಇದಕ್ಕೆ ಫೋಟೊ ಅಪ್‌ಲೋಡ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇವತ್ತಿನ ಫೋನ್ ತೆಗೆಯುವ ಚಿತ್ರ ಸಾಮಾನ್ಯವಾಗಿ 4000×3000 ಪಿಕ್ಸೆಲ್, ತೂಕ 3ರಿಂದ 5 ಎಂಬಿ. ಫಾರ್ಮ್ ಕೇಳುವುದು 20ರಿಂದ 50 ಕೆಬಿ. ಸರ್ವರ್‌ನಲ್ಲಿ ಎರಡು ಸಾಲು ಕೋಡ್ ಬರೆದರೆ ದೊಡ್ಡ ಚಿತ್ರವನ್ನು ಅದೇ ಚಿಕ್ಕದು ಮಾಡಿಕೊಳ್ಳುತ್ತದೆ. ಅದನ್ನು ಬರೆಯುವವರಿಲ್ಲದ ಕಾರಣ ಜನ ಚಿತ್ರವನ್ನು ಮೆಸೇಜಿಂಗ್ ಆ್ಯಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡು, ಸ್ಕ್ರೀನ್‌ಶಾಟ್ ಹೊಡೆದು, ಗೊತ್ತಿಲ್ಲದ ಯಾವುದೋ ವೆಬ್‌ಸೈಟಿಗೆ ಹಾಕಿ, ಕೊನೆಗೆ ಮುಖವೇ ಗುರುತು ಸಿಗದ ಚಿತ್ರವೊಂದನ್ನು ಸಲ್ಲಿಸುತ್ತಾರೆ.

ಇಲ್ಲಿ ಮುಖ್ಯವಾದದ್ದು ಕೆಲಸದ ಕ್ರಮ. ಮೊದಲು ಬೇಕಾದ ಭಾಗವನ್ನಷ್ಟೇ ಕ್ರಾಪ್ ಮಾಡಬೇಕು, ಆಮೇಲೆ ಪಿಕ್ಸೆಲ್ ಇಳಿಸಬೇಕು, ಕ್ವಾಲಿಟಿಯನ್ನು ಮುಟ್ಟುವುದು ಕಟ್ಟಕಡೆಗೆ. ಬಹುತೇಕರು ಇದನ್ನು ತಿರುವುಮುರುವು ಮಾಡುತ್ತಾರೆ: 4000×3000ರ ಚಿತ್ರವನ್ನು ಹಾಗೇ ಇಟ್ಟುಕೊಂಡು ಕ್ವಾಲಿಟಿಯನ್ನು ನೂರರಿಂದ 5ಕ್ಕೆ, 10ಕ್ಕೆ ಎಳೆಯುತ್ತಾರೆ. ಜೆಪಿಇಜಿ (ಜೆಪಿಜಿ) ಎಂಬುದು ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಪ್ರತಿ ಚೌಕದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತಾ ಹೋಗುವ ವಿಧಾನ. ಕ್ವಾಲಿಟಿ ತೀರಾ ಕೆಳಗಿಳಿದರೆ ಆ ಚೌಕಗಳೇ ಕೆನ್ನೆಯ ಮೇಲೆ ಎದ್ದು ಕಾಣುತ್ತವೆ. 35×45 ಮಿಲಿಮೀಟರಿನ ಪಾಸ್‌ಪೋರ್ಟ್ ಅಳತೆಯ ಚಿತ್ರ 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, 413×531 ಪಿಕ್ಸೆಲ್ ಆಗುತ್ತದೆ. ಅಷ್ಟಕ್ಕೆ ಇಳಿಸಿ ಕ್ವಾಲಿಟಿ 80ರ ಆಸುಪಾಸಿನಲ್ಲಿ ಉಳಿಸಿದರೆ ಸಾಮಾನ್ಯವಾಗಿ 30ರಿಂದ 60 ಕೆಬಿಯೊಳಗೆ ಬಂದು ಕೂರುತ್ತದೆ, ಮುಖವೂ ಮುಖದಂತೆಯೇ ಇರುತ್ತದೆ. ಆಗಲೂ ತೂಕ ಇಳಿಯದಿದ್ದರೆ ಬಹುಶಃ ಬೆಳಕು ಸಾಕಾಗಿಲ್ಲ ಎಂದರ್ಥ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ತುಂಬ ಸಣ್ಣ ಚುಕ್ಕೆಗಳಿರುತ್ತವೆ, ಜೆಪಿಇಜಿ ಅವನ್ನೂ ‘ವಿವರ’ ಎಂದೇ ಲೆಕ್ಕ ಹಿಡಿಯುತ್ತದೆ. ಹಗಲು ಬೆಳಕಿನಲ್ಲಿ, ಬಿಳಿ ಗೋಡೆಯ ಮುಂದೆ ಮತ್ತೆ ತೆಗೆದರೆ ಅದೇ ಅಳತೆಯ ಚಿತ್ರ ಹಗುರವಾಗುತ್ತದೆ.

ಕೆಲವು ಫಾರ್ಮ್‌ಗಳು ‘200 ಡಿಪಿಐ ಇರಬೇಕು’ ಎನ್ನುತ್ತವೆ. ಪರದೆಯ ಮೇಲಿನ ಚಿತ್ರಕ್ಕೆ ಡಿಪಿಐ ಎಂಬುದು ಫೈಲಿನೊಳಗೆ ಬರೆದಿಟ್ಟ ಒಂದು ಸಂಖ್ಯೆ ಅಷ್ಟೆ. 72 ಅಂತಿರಲಿ, 300 ಅಂತಿರಲಿ, 413×531 ಪಿಕ್ಸೆಲ್ ಅಷ್ಟೇ ಪಿಕ್ಸೆಲ್. ಪಿಕ್ಸೆಲ್ ಅಳತೆಯನ್ನೂ ಕೊಟ್ಟಿದ್ದರೆ ಅದನ್ನೇ ನಂಬಿ. ಡಿಪಿಐಯನ್ನು ಫಾರ್ಮ್ ನಿಜಕ್ಕೂ ಪರೀಕ್ಷಿಸಿ ತಿರಸ್ಕರಿಸಿದರೆ ಇಮೇಜ್ ಎಡಿಟರ್‌ನಲ್ಲಿ ಆ ಸಂಖ್ಯೆಯೊಂದನ್ನೇ ಬದಲಿಸಿ, ರೀಸ್ಯಾಂಪಲ್ ಮಾಡದೆ, ಅಂದರೆ ಪಿಕ್ಸೆಲ್ ಸಂಖ್ಯೆ ಬದಲಾಗದಂತೆ, ಸೇವ್ ಮಾಡಿ.

50 ಕೆಬಿ ಮಿತಿಯಲ್ಲೂ ಒಂದು ಕೊಕ್ಕೆಯಿದೆ. ಕೆಬಿ ಅಂದರೆ 1000 ಬೈಟೋ 1024 ಬೈಟೋ ಎಂಬುದು ಬರೆದವರ ಮೇಲೆ ಹೋಗುತ್ತದೆ. ವಿಂಡೋಸ್ 1024ರ ಲೆಕ್ಕದಲ್ಲಿ ತೋರಿಸುತ್ತದೆ, ಮ್ಯಾಕ್ 1000ದ ಲೆಕ್ಕದಲ್ಲಿ. ವಿಂಡೋಸ್‌ನಲ್ಲಿ 49.5 ಕೆಬಿ ಎಂದು ಕಾಣುವ ಫೈಲು 50,000 ಬೈಟನ್ನು ದಾಟಿರುತ್ತದೆ. 48ರ ಕೆಳಗೆ ಇಟ್ಟುಕೊಂಡರೆ ಎರಡೂ ಲೆಕ್ಕದಲ್ಲಿ ಪಾಸು.

ತೂಕ, ಅಳತೆ ಎಲ್ಲ ಸರಿಯಿದ್ದೂ ‘ಇನ್‌ವ್ಯಾಲಿಡ್ ಫೈಲ್’ ಬಂದರೆ ಫೈಲಿನ ಬಗೆಯನ್ನು ನೋಡಿ. ಐಫೋನ್‌ಗಳು 2017ರ ಐಒಎಸ್ 11ರಿಂದ ಚಿತ್ರಗಳನ್ನು ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತವೆ. ಅದನ್ನು ಕಂಪ್ಯೂಟರಿಗೆ ತಂದು ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ತಿದ್ದಿದರೆ ಫೈಲು ಜೆಪಿಜಿ ಆಗುವುದಿಲ್ಲ, ಅದರ ಬೋರ್ಡು ಮಾತ್ರ ಬದಲಾಗುತ್ತದೆ. ಸರ್ವರ್ ಫೈಲಿನ ಮೊದಲ ಬೈಟುಗಳನ್ನು ಓದಿದರೆ ಗುಟ್ಟು ಬಯಲು. ಎಡಿಟರ್‌ನಲ್ಲಿ ತೆರೆದು ಜೆಪಿಇಜಿಯಾಗಿ ಎಕ್ಸ್‌ಪೋರ್ಟ್ ಮಾಡಬೇಕು, ಇಲ್ಲವೇ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟನ್ನು ‘ಮೋಸ್ಟ್ ಕಂಪ್ಯಾಟಿಬಲ್’ ಎಂದು ಮೊದಲೇ ಬದಲಿಸಿಟ್ಟುಕೊಳ್ಳಬೇಕು. ಫೈಲ್ ಹೆಸರಿನಲ್ಲಿ ಸ್ಪೇಸ್, ಆವರಣ ಚಿಹ್ನೆ, ಕನ್ನಡ ಅಕ್ಷರ ಇದ್ದರೂ ಕೆಲವು ಹಳೆಯ ಫಾರ್ಮ್‌ಗಳು ಮುನಿಸಿಕೊಳ್ಳುತ್ತವೆ. ಇಂಗ್ಲಿಷಿನ ಸಣ್ಣಕ್ಷರ, ಅಂಕಿ ಸಾಕು. ಇನ್ನು ನೆಟ್ಟಗೆ ತೆಗೆದ ಚಿತ್ರ ಅಪ್‌ಲೋಡ್ ಆದಮೇಲೆ ಅಡ್ಡ ಮಲಗಿದ್ದರೆ, ಫೋನು ಚಿತ್ರವನ್ನು ತಿರುಗಿಸಿಲ್ಲ, ‘ತಿರುಗಿಸಿ ತೋರಿಸಿ’ ಎಂಬ ಚೀಟಿಯೊಂದನ್ನು ಫೈಲಿನೊಳಗೆ ಇಟ್ಟಿದೆ, ಫಾರ್ಮ್ ಆ ಚೀಟಿಯನ್ನು ಓದಿಲ್ಲ ಎಂದು ತಿಳಿಯಿರಿ. ಎಡಿಟರ್‌ನಲ್ಲಿ ತೆರೆದು ನೆಟ್ಟಗಿರುವಂತೆಯೇ ಹೊಸ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ದಾಖಲೆ ಪತ್ರಗಳ ಸ್ಕ್ಯಾನ್ ವಿಷಯದಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಎ4 ಹಾಳೆಯನ್ನು 300 ಡಿಪಿಐ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480×3508, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್, ಪ್ರತಿಯೊಂದಕ್ಕೂ 3 ಬೈಟು. ಅದೇ ಹಾಳೆ 150 ಡಿಪಿಐ ಗ್ರೇಸ್ಕೇಲ್‌ನಲ್ಲಿ (ಬಣ್ಣವಿಲ್ಲದ ಕಪ್ಪು-ಬಿಳುಪಿನಲ್ಲಿ) 1240×1754 ಪಿಕ್ಸೆಲ್, ತಲಾ 1 ಬೈಟು. ಕಂಪ್ರೆಸ್ ಮಾಡುವ ಮೊದಲೇ 12 ಪಟ್ಟು ವ್ಯತ್ಯಾಸ. ಅಚ್ಚಾದ ಅಕ್ಷರ ಓದಲು 150 ಸಾಕು. ಸಣ್ಣ ಅಕ್ಷರ, ಮಾಸಿದ ಸೀಲು, ಕೈಬರಹ ಇದ್ದರೆ 200. ಬಣ್ಣದ ಸೀಲು ಬಣ್ಣದಲ್ಲೇ ಕಾಣಬೇಕು ಎಂದು ಕೇಳಿದ್ದರೆ ಮಾತ್ರ ಬಣ್ಣ. ಸ್ಕ್ಯಾನ್ ಮಾಡುವಾಗಲೇ ಹೀಗೆ ಇಟ್ಟುಕೊಂಡರೆ ಆಮೇಲೆ ಪಿಡಿಎಫ್ ಕುಗ್ಗಿಸುವ ರಗಳೆ ಹೆಚ್ಚಿನಂಶ ತಪ್ಪುತ್ತದೆ.

ಕುಗ್ಗಿಸಲೇಬೇಕಾಗಿ ಬಂದರೆ ಹುಡುಕಾಟದಲ್ಲಿ ಮೊದಲು ಸಿಗುವ ‘ಉಚಿತ ಪಿಡಿಎಫ್ ಕಂಪ್ರೆಸರ್’ ಸೈಟಿಗೆ ಗುರುತಿನ ಚೀಟಿಯನ್ನು, ಸಂಬಳದ ಚೀಟಿಯನ್ನು ಹಾಕಬೇಡಿ. ಅದು ಇನ್ನೊಬ್ಬರ ಕಂಪ್ಯೂಟರಿಗೆ ಹೋಗಿ ಬರುತ್ತದೆ. ಅಲ್ಲಿ ಅದರ ಪ್ರತಿ ಉಳಿಯಿತೋ ಅಳಿಯಿತೋ ನಿಮಗೆ ತಿಳಿಯುವ ದಾರಿಯಿಲ್ಲ. ಲಿಬ್ರೆಆಫೀಸ್ ಡ್ರಾ ಎಂಬ ತಂತ್ರಾಂಶದಲ್ಲಿ ಪಿಡಿಎಫ್ ತೆರೆದು ಎಕ್ಸ್‌ಪೋರ್ಟ್ ಮಾಡುವಾಗ ಚಿತ್ರದ ಕ್ವಾಲಿಟಿ, ರೆಸಲ್ಯೂಷನ್ ಎರಡನ್ನೂ ಇಳಿಸಬಹುದು. ಉಚಿತ, ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನೊಳಗೇ ನಡೆಯುತ್ತದೆ.

ಪಾಸ್‌ವರ್ಡ್ ಹಾಕಿದ ಪಿಡಿಎಫ್ ಇನ್ನೊಂದು ಎಡವಟ್ಟು. ಫಾರ್ಮ್ ಅದನ್ನು ಮರುಮಾತಿಲ್ಲದೆ ತೆಗೆದುಕೊಳ್ಳಬಹುದು, ಆದರೆ ಪರಿಶೀಲಿಸುವವರ ಮೇಜಿನಲ್ಲಿ ಅದು ತೆರೆಯುವುದಿಲ್ಲ, ಅರ್ಜಿ ‘ದಾಖಲೆ ಅಸ್ಪಷ್ಟ’ ಎಂಬ ಷರಾದೊಂದಿಗೆ ವಾಪಸ್. ಪಾಸ್‌ವರ್ಡ್ ಹಾಕಿ ತೆರೆದು, ಪ್ರಿಂಟ್ ಒತ್ತಿ, ಪಿಡಿಎಫ್ ಆಗಿ ಸೇವ್ ಮಾಡಿದರೆ ಸಾಮಾನ್ಯವಾಗಿ ಬೀಗ ಹೋಗುತ್ತದೆ. ಆದರೆ ಆ ಪತ್ರಕ್ಕೆ ಡಿಜಿಟಲ್ ಸಹಿ ಇದ್ದರೆ ಅದೂ ಜೊತೆಗೇ ಹೋಗುತ್ತದೆ. ಹಾಳೆಯ ಮೇಲೆ ಹಸಿರು ಟಿಕ್ ಗುರುತು ಕಾಣುತ್ತಿದ್ದರೂ ಅದು ಬರೀ ಚಿತ್ರ. ಕಂಪ್ರೆಸ್ ಮಾಡಿದರೂ, ಎರಡು ಪಿಡಿಎಫ್ ಸೇರಿಸಿದರೂ ಇದೇ ಗತಿ. ಡಿಜಿಟಲ್ ಸಹಿಯನ್ನು ತಾಳೆ ನೋಡುವ ಕಡೆ ಮೂಲ ಫೈಲನ್ನೇ ಕೊಡಬೇಕು.

ಈಗ ಹೆಸರು. ಫಾರ್ಮ್ ಬರೆಯುವವರಲ್ಲಿ ಬಹಳ ಜನ, ಲೋಕದಲ್ಲಿ ಎಲ್ಲರಿಗೂ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಇರುತ್ತದೆ ಎಂದೇ ನಂಬಿದ್ದಾರೆ. ಒಂದೇ ಹೆಸರಿನವರು, ಇನಿಶಿಯಲ್‌ನವರು, ಊರಿನ ಹೆಸರನ್ನೋ ಮನೆತನದ ಹೆಸರನ್ನೋ ಮುಂದೆ ಇಟ್ಟುಕೊಂಡವರು ಕೆಂಪು ನಕ್ಷತ್ರ ಚಿಹ್ನೆಯ ಮುಂದೆ ತಡವರಿಸುತ್ತಾರೆ. ಆ ಖಾಲಿ ಜಾಗಕ್ಕೆ ಚುಕ್ಕೆಯನ್ನೋ ‘ಇಲ್ಲ’ ಎಂಬುದನ್ನೋ ಸ್ವಂತ ಬುದ್ಧಿಯಿಂದ ತುಂಬಬೇಡಿ. ಅದೇ ನಿಮ್ಮ ಹೆಸರಾಗಿ ಅಚ್ಚಾಗಿ ಬರುತ್ತದೆ. ಅಮೆರಿಕದ ವೀಸಾಗಳಲ್ಲಿ ಒಂದೇ ಹೆಸರಿನವರಿಗೆ ‘ಎಫ್‌ಎನ್‌ಯು’ ಎಂದು ಬೀಳುತ್ತದೆ: ಮೊದಲ ಹೆಸರು ಗೊತ್ತಿಲ್ಲ ಎಂಬುದರ ಹ್ರಸ್ವರೂಪ. ಆಮೇಲೆ ಬೇರೆ ಕಡೆಯ ದಾಖಲೆಗಳಲ್ಲಿ ಅದನ್ನು ನಿಜವಾದ ಹೆಸರೆಂದೇ ಬರೆದುಕೊಳ್ಳುವುದುಂಟು. ಒಂದೇ ಹೆಸರಿದ್ದರೆ ಏನು ಬರೆಯಬೇಕು ಎಂಬುದು ಫಾರ್ಮ್‌ನ ಸೂಚನೆಗಳಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಸಲ್ಲಿಸುವ ಮೊದಲೇ ಲಿಖಿತವಾಗಿ ಕೇಳುವುದು ವಾಸಿ. ಆಮೇಲೆ ತಿದ್ದಿಸುವುದು ಹೊಸ ಅರ್ಜಿಗಿಂತ ದೊಡ್ಡ ಗೋಳು.

ಎರಡು ದಾಖಲೆಗಳ ಹೆಸರು ಹೊಂದುತ್ತಿಲ್ಲ ಎಂಬ ತಕರಾರಿನ ಹಿಂದೆ ಕಣ್ಣಿಗೆ ಕಾಣದ ಕಾರಣಗಳೂ ಇರುತ್ತವೆ. ಪಿಡಿಎಫ್‌ನಿಂದ ಕಾಪಿ ಮಾಡಿ ಹಾಕಿದಾಗ ಕೊನೆಯಲ್ಲೊಂದು ಸ್ಪೇಸ್ ಅಂಟಿಕೊಂಡು ಬಂದಿರುತ್ತದೆ. ಕನ್ನಡದಲ್ಲಿ ಬರೆದ ಹೆಸರಾದರೆ ಇನ್ನೂ ಸೂಕ್ಷ್ಮ. ಕೆಲವು ಕೀಬೋರ್ಡುಗಳು ‘ವಿಜಯ್’ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಅಗಲವೇ ಇಲ್ಲದ ಗುಪ್ತ ಅಕ್ಷರವೊಂದನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ‘ೋ’ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿನ ತಾಳೆಯಲ್ಲಿ ಎರಡೂ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ವಿಧಾನ ಯೂನಿಕೋಡ್‌ನಲ್ಲೇ ಇದೆ. ಬಳಸದವರದ್ದೇ ತಪ್ಪು. ಅರ್ಜಿದಾರರು ಮಾಡಬಹುದಾದದ್ದು ಇಷ್ಟೇ: ಹೆಸರನ್ನು ಕಾಪಿ-ಪೇಸ್ಟ್ ಮಾಡದೆ, ಆಟೋಫಿಲ್‌ಗೆ ಬಿಡದೆ, ಮೂಲ ದಾಖಲೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಅಕ್ಷರ, ಚುಕ್ಕೆ, ಸ್ಪೇಸ್ ನೋಡಿ ಕೈಯಾರೆ ಟೈಪ್ ಮಾಡುವುದು.

ಸೆಷನ್ ಎಕ್ಸ್‌ಪೈರ್ ಆಗುವುದು ಬಹಳ ಜನರಿಗೆ ಅನ್ಯಾಯದಂತೆ ಕಾಣುತ್ತದೆ. ಕೈ ಬಿಡದೆ ಟೈಪ್ ಮಾಡುತ್ತಲೇ ಇದ್ದೆ, ‘ಚಟುವಟಿಕೆ ಇಲ್ಲ’ ಎಂದು ಹೊರಗೆ ಹಾಕಿತಲ್ಲ ಎಂದು. ಟೈಪ್ ಮಾಡಿದ್ದೆಲ್ಲ ನಿಮ್ಮ ಬ್ರೌಸರ್‌ನಲ್ಲೇ ಇರುತ್ತದೆ, ‘ಮುಂದೆ’ ಅಥವಾ ‘ಸೇವ್’ ಒತ್ತುವವರೆಗೆ ಸರ್ವರ್‌ಗೆ ಸುದ್ದಿಯೇ ಹೋಗಿರುವುದಿಲ್ಲ. ಅದರ ಗಡಿಯಾರದ ಪ್ರಕಾರ ನೀವು 15 ನಿಮಿಷದಿಂದ ಸುಮ್ಮನೆ ಕೂತಿದ್ದೀರಿ. ಸಮಯ ಮುಗಿಯುವ ಮುನ್ನ ಎಚ್ಚರಿಸಬೇಕು, ಒಂದು ಗುಂಡಿ ಒತ್ತಿ ಮುಂದುವರಿಸಲು ಕನಿಷ್ಠ 20 ಸೆಕೆಂಡು ಕೊಡಬೇಕು ಎಂಬ ಮಾರ್ಗ 2008ರಲ್ಲಿ ಬಂದ ಡಬ್ಲ್ಯುಸಿಎಜಿ 2.0 ಎಂಬ ವೆಬ್ ಮಾನದಂಡದಲ್ಲೇ ಇದೆ. ಇವತ್ತಿಗೂ ಎಷ್ಟೋ ಫಾರ್ಮ್‌ಗಳು ಅದನ್ನು ಕಣ್ಣೆತ್ತಿ ನೋಡಿಲ್ಲ. ಉದ್ದನೆಯ ಉತ್ತರಗಳನ್ನು ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟುಕೊಂಡು ಆಮೇಲೆ ಹಾಕಿ. ‘ಸೇವ್ ಡ್ರಾಫ್ಟ್’ ಇದ್ದರೆ ಪ್ರತಿ ಪುಟದಲ್ಲೂ ಒತ್ತಿ. ಅದೇ ಸೈಟನ್ನು ಎರಡು ಟ್ಯಾಬ್‌ನಲ್ಲಿ ತೆರೆಯಬೇಡಿ. ಎರಡೂ ಒಂದೇ ಸೆಷನ್ ಹಂಚಿಕೊಳ್ಳುವುದರಿಂದ ಒಂದರ ಮಾಹಿತಿ ಇನ್ನೊಂದರ ಮೇಲೆ ಕೂರಬಹುದು. ಬ್ಯಾಕ್ ಬಟನ್ ಕೂಡ ಬೇಡ, ಪುಟದೊಳಗೆ ಅಡಗಿರುವ, ಒಮ್ಮೆ ಬಳಸಿದ ಗುರುತು ಸಂಖ್ಯೆಯನ್ನು (ಟೋಕನ್) ಪುಟ ಮತ್ತೆ ಕಳುಹಿಸಿದರೆ ಸರ್ವರ್ ಅದನ್ನು ಮೋಸವೆಂದು ತಿಳಿದು ಹೊರಗೆ ದಬ್ಬಬಹುದು. ಕ್ಯಾಪ್ಚಾವನ್ನು ಕೊನೆಯಲ್ಲಿ, ಅದನ್ನೊಮ್ಮೆ ರಿಫ್ರೆಶ್ ಮಾಡಿಕೊಂಡೇ ತುಂಬಿ. ಅಕ್ಷರ ಸರಿಯಾಗಿದ್ದರೂ ‘ತಪ್ಪು’ ಎಂದರೆ ಅದರ ಅವಧಿ ಮುಗಿದಿರುತ್ತದೆ.

ಒಟಿಪಿ ಬಗ್ಗೆ ಒಂದೇ ಮಾತು: ತಡವಾದರೆ ‘ರೀಸೆಂಡ್’ ಮೇಲೆ ‘ರೀಸೆಂಡ್’ ಒತ್ತಬೇಡಿ. ಹೊಸದು ಹುಟ್ಟಿದ ಕೂಡಲೇ ಸಾಮಾನ್ಯವಾಗಿ ಹಳೆಯದು ಸಾಯುತ್ತದೆ, ಆದರೆ ಎಸ್‌ಎಂಎಸ್‌ಗಳು ಕಳುಹಿಸಿದ ಕ್ರಮದಲ್ಲೇ ಬರಬೇಕೆಂದೇನಿಲ್ಲ. ಮೂರು ಬಂದು ಬಿದ್ದಾಗ ಯಾವುದು ಜೀವಂತವೆಂದು ತಿಳಿಯುವುದಿಲ್ಲ, ಅಷ್ಟರಲ್ಲಿ ಪ್ರಯತ್ನಗಳ ಮಿತಿ ಮುಗಿದು ಖಾತೆ ಲಾಕ್ ಆಗಿರುತ್ತದೆ. ಅಥೆಂಟಿಕೇಟರ್ ಆ್ಯಪ್‌ನ ಆಯ್ಕೆ ಇದ್ದರೆ ಅದೇ ಮೇಲು. ಅದರ ಸಂಖ್ಯೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಫೋನಿನೊಳಗೇ ಹುಟ್ಟುತ್ತದೆ, ನೆಟ್‌ವರ್ಕ್ ಬೇಕಿಲ್ಲ. ಫೋನಿನ ಗಡಿಯಾರ ಮಾತ್ರ ಸರಿಯಿರಬೇಕು.

ಪಾಸ್‌ವರ್ಡ್ ನಿಯಮಗಳಂತೂ ಹಳಸಿದ ಸರಕು. ಇಷ್ಟಿಷ್ಟು ದಿನಕ್ಕೊಮ್ಮೆ ಬದಲಿಸಿ, ದೊಡ್ಡಕ್ಷರ, ಅಂಕಿ, ಚಿಹ್ನೆ ಬೆರೆಸಿ ಎಂಬ ಉಪದೇಶ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ ಹಳೆಯ ಕೈಪಿಡಿಯಿಂದ ಹರಡಿದ್ದು. 2017ರಲ್ಲಿ ಅದೇ ಸಂಸ್ಥೆ ಎರಡನ್ನೂ ಕೈಬಿಟ್ಟು ಉದ್ದಕ್ಕೆ ಒತ್ತು ಕೊಟ್ಟಿತು. ಅದೇ ವರ್ಷ ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ, ಪಾಸ್‌ವರ್ಡ್ ಪೇಸ್ಟ್ ಮಾಡಲು ಬಿಡಿ ಎಂದು ವೆಬ್‌ಸೈಟುಗಳಿಗೆ ಹೇಳಿತು. ಕೇಳಿದವರು ಕಡಿಮೆ. ಒಂದು ಕೆಟ್ಟ ಬಗೆ ಗೊತ್ತಿರಲಿ: ಕೆಲವು ಫಾರ್ಮ್‌ಗಳು ನೋಂದಣಿ ಪುಟದಲ್ಲಿ ಉದ್ದದ ಪಾಸ್‌ವರ್ಡ್ ತೆಗೆದುಕೊಂಡು ಸದ್ದಿಲ್ಲದೆ 15 ಅಥವಾ 16 ಅಕ್ಷರಕ್ಕೆ ಕತ್ತರಿಸುತ್ತವೆ, ಲಾಗಿನ್ ಪುಟದಲ್ಲಿ ಕತ್ತರಿಸುವುದಿಲ್ಲ. ಈಗಷ್ಟೇ ಇಟ್ಟ ಪಾಸ್‌ವರ್ಡ್ ತಪ್ಪು ಎಂದು ಬಂದರೆ ಮೊದಲ 16 ಅಕ್ಷರ, ಆಮೇಲೆ 15 ಹಾಕಿ ನೋಡಿ.

ಹಣ ಕಟ್ಟುವ ಹಂತದಲ್ಲಿ ಜನ ನಿಜವಾಗಿ ಕಳೆದುಕೊಳ್ಳುತ್ತಾರೆ, ಹಾಗಾಗಿ ಒಳಗೆ ನಡೆಯುವುದನ್ನು ತಿಳಿದಿರಬೇಕು. ‘ಪಾವತಿಸಿ’ ಒತ್ತಿದಾಗ ಫಾರ್ಮ್ ನಿಮ್ಮನ್ನು ಪೇಮೆಂಟ್ ಗೇಟ್‌ವೇ ಎಂಬ ಬೇರೊಂದು ಸೈಟಿಗೆ ಕಳುಹಿಸುತ್ತದೆ. ಹಣ ಕಡಿತವಾಗುವುದು ಅಲ್ಲಿ. ಆಮೇಲೆ ಗೇಟ್‌ವೇ ನಿಮ್ಮ ಬ್ರೌಸರನ್ನೇ ಹಿಂದಕ್ಕೆ ಕಳುಹಿಸಿ, ಅದರ ಕೈಯಲ್ಲಿ ‘ಪಾವತಿ ಆಯಿತು’ ಎಂಬ ಸಂದೇಶ ಕೊಡುತ್ತದೆ. ಆ ಕ್ಷಣದಲ್ಲಿ ಟ್ಯಾಬ್ ಮುಚ್ಚಿದರೆ, ಇಂಟರ್‌ನೆಟ್ ಹೋದರೆ, ಫೋನಿನ ಬ್ಯಾಟರಿ ಸತ್ತರೆ ಸಂದೇಶ ದಾರಿಯಲ್ಲೇ ಉಳಿಯುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಹಣ ಹೋಗಿದೆ, ಫಾರ್ಮ್‌ನ ಲೆಕ್ಕದಲ್ಲಿ ಬಂದಿಲ್ಲ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಗೇಟ್‌ವೇಯ ಸರ್ವರ್ ನೇರವಾಗಿ ಫಾರ್ಮ್‌ನ ಸರ್ವರ್‌ಗೂ ತಿಳಿಸುತ್ತದೆ, ಮೇಲಿಂದ ದಿನಕ್ಕೊಮ್ಮೆ ಎರಡೂ ಕಡೆಯ ಲೆಕ್ಕವನ್ನು ತಾಳೆ ನೋಡುತ್ತಾರೆ. ಬ್ರೌಸರನ್ನೇ ನಂಬಿ ಕೂತಿರುವ ಅಗ್ಗದ ವ್ಯವಸ್ಥೆಗಳೂ ಇವೆ.

ಆದ್ದರಿಂದ ಹಣ ಕಡಿತವಾಗಿ ಅರ್ಜಿ ‘ಪೆಂಡಿಂಗ್’ ಎಂದು ತೋರಿಸಿದರೆ ಗಾಬರಿಯಲ್ಲಿ ಎರಡನೇ ಸಲ ಕಟ್ಟಬೇಡಿ. ಪುಟವನ್ನು ರಿಫ್ರೆಶ್ ಮಾಡಿದಾಗ ಬ್ರೌಸರ್ ‘ಫಾರ್ಮನ್ನು ಮತ್ತೆ ಸಲ್ಲಿಸಲೇ’ ಎಂದು ಕೇಳಿದರೆ ಬೇಡ ಎನ್ನಿ. ಒಪ್ಪಿದರೆ ಅದೇ ಕೋರಿಕೆ ಎರಡನೇ ಸಲ ಹೋಗುತ್ತದೆ, ಅದನ್ನು ‘ಇದು ಹಳೆಯದೇ’ ಎಂದು ಗುರುತಿಸುವ ಏರ್ಪಾಡು ಎಲ್ಲ ಸೈಟಿನಲ್ಲೂ ಇರುವುದಿಲ್ಲ. ಮತ್ತೆ ಲಾಗಿನ್ ಆಗಿ ‘ವೆರಿಫೈ ಪೇಮೆಂಟ್’ ಅಥವಾ ‘ಪಾವತಿ ಸ್ಥಿತಿ’ ಎಂಬ ಗುಂಡಿ ಇದೆಯೇ ಹುಡುಕಿ. ಮೂಲೆಯಲ್ಲೆಲ್ಲೋ ಅಡಗಿರುವ ಆ ಗುಂಡಿ ಗೇಟ್‌ವೇಯನ್ನು ಮತ್ತೆ ಕೇಳಿ ಸ್ಥಿತಿಯನ್ನು ಸರಿಪಡಿಸುತ್ತದೆ. ಅದಿಲ್ಲದಿದ್ದರೆ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ: ಅರ್ಜಿ ಸಂಖ್ಯೆ, ಗೇಟ್‌ವೇ ಕೊಟ್ಟ ಆರ್ಡರ್ ಸಂಖ್ಯೆ, ಬ್ಯಾಂಕಿನ ರೆಫರೆನ್ಸ್ ಸಂಖ್ಯೆ. ಮೊದಲ ದೂರು ಅರ್ಜಿ ಪಡೆಯುವ ಇಲಾಖೆಗೋ ಕಂಪನಿಗೋ ಹೋಗಬೇಕು. ಬ್ಯಾಂಕಿಗೆ ಹೋದರೆ ‘ನಮ್ಮ ಕಡೆಯಿಂದ ವ್ಯವಹಾರ ಯಶಸ್ವಿ’ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಅದು ನಿಜ ಕೂಡ.

ನಿಜವಾಗಿ ಸರ್ವರ್ ಸೋಲುವುದೂ ಉಂಟು. ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ತಾಣ 2013ರ ಅಕ್ಟೋಬರ್ 1ರಂದು ಶುರುವಾದಾಗ ಮೊದಲ ದಿನ ನೋಂದಣಿ ಪೂರ್ತಿ ಮಾಡಿದವರು 6 ಜನ. ಬಂದವರ ಸಂಖ್ಯೆ ಹೆಚ್ಚಿತ್ತು, ಆದರೆ ವಿಮೆಯ ದರ ನೋಡಲಿಕ್ಕೂ ಮೊದಲು ಖಾತೆ ತೆರೆಯಲೇಬೇಕು ಎಂದು ಮಾಡಿದ್ದರಿಂದ ಸುಮ್ಮನೆ ನೋಡಲು ಬಂದವರೂ ಅದೇ ಇಕ್ಕಟ್ಟಿನ ಬಾಗಿಲಲ್ಲಿ ಸಿಕ್ಕಿಕೊಂಡರು. ಅಲ್ಲೂ ವಿನ್ಯಾಸದ ಪಾಲಿದೆ. ಕೊನೆಯ ದಿನ ಅರ್ಜಿ ಹಾಕುವವರು ಇದನ್ನು ನೆನೆದುಕೊಂಡರೆ ಒಳ್ಳೆಯದು. ಗಡುವಿಗೆ ಮೂರ್ನಾಲ್ಕು ದಿನ ಇರುವಾಗಲೇ ಸಲ್ಲಿಸಿದರೆ ಪಾವತಿ ಸಿಕ್ಕಿಕೊಂಡರೂ ತಾಳೆಗೆ ಸಮಯವಿರುತ್ತದೆ.

ಸಲ್ಲಿಸಿದ ಮೇಲೆ ಸ್ವೀಕೃತಿ ಪುಟದ ಲಿಂಕನ್ನು ಬುಕ್‌ಮಾರ್ಕ್ ಮಾಡಿ ನಿಶ್ಚಿಂತರಾಗಬೇಡಿ, ಸೆಷನ್ ಮುಗಿದರೆ ಅದೂ ಮುಗಿಯಬಹುದು. ಪ್ರಿಂಟ್ ಒತ್ತಿ ಪಿಡಿಎಫ್ ಆಗಿ ಇಟ್ಟುಕೊಳ್ಳಿ. ದೂರು ಬರೆಯಬೇಕಾಗಿ ಬಂದರೆ ‘ವೆಬ್‌ಸೈಟ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲಿಗೆ ‘ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ’ ಎಂಬ ಉತ್ತರವೇ ಬರುವುದು. ಯಾವ ಪುಟ, ಯಾವ ಗುಂಡಿ, ಎಷ್ಟು ಗಂಟೆಗೆ, ಯಾವ ಬ್ರೌಸರ್, ತೆರೆಯ ಮೇಲೆ ಬಂದ ಮಾತು ಯಥಾವತ್ತಾಗಿ ಏನು, ವಿಳಾಸ ಪಟ್ಟಿ ಕಾಣುವಂತೆ ಸ್ಕ್ರೀನ್‌ಶಾಟ್: ಇಷ್ಟಿದ್ದರೆ ತಾಂತ್ರಿಕ ಸಿಬ್ಬಂದಿ ತಮ್ಮ ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಿನಚರಿಯಲ್ಲಿ) ಆ ಸಾಲನ್ನು ಹುಡುಕಬಹುದು. ಗಂಟೆಯನ್ನು ನಿಮಿಷದ ಮಟ್ಟಿಗೆ ಬರೆಯುವುದು ಇದರಲ್ಲಿ ಎಲ್ಲಕ್ಕಿಂತ ಮುಖ್ಯ.

ಮೂರಂಕಿಯ ಎರರ್ ಸಂಖ್ಯೆ ಕಂಡರೆ ಅದನ್ನೂ ದೂರಿನಲ್ಲಿ ಬರೆಯಿರಿ, ಅದರಲ್ಲೇ ಅರ್ಧ ಉತ್ತರ ಇರುತ್ತದೆ. 429 ಅಂದರೆ ನೀವು ಮೇಲಿಂದ ಮೇಲೆ ಒತ್ತಿದ್ದೀರಿ, ಸ್ವಲ್ಪ ಹೊತ್ತು ಬಿಡಿ. 503 ಅಂದರೆ ಸರ್ವರ್ ನಿಜವಾಗಿಯೂ ತುಂಬಿದೆ ಅಥವಾ ದುರಸ್ತಿಯಲ್ಲಿದೆ. 413 ಅಂದರೆ ಫೈಲು ದೊಡ್ಡದಾಯಿತು. ಫಾರ್ಮ್ ‘2 ಎಂಬಿವರೆಗೆ’ ಎಂದಿದ್ದರೂ 1.5 ಎಂಬಿಗೆ 413 ಬರುವುದುಂಟು. ಬಂದದ್ದನ್ನು ಮೊದಲು ಪಡೆದು ಹಿಂದಿನ ಸರ್ವರ್‌ಗೆ ದಾಟಿಸಲು ಮುಂದೆ ನಿಂತಿರುವ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ಯಾರೂ ಬದಲಿಸದಿದ್ದರೆ ಮಿತಿ 1 ಎಂಬಿ, ಫಾರ್ಮ್ ಬರೆದವರಿಗೆ ಅದರ ಕಡೆ ಗಮನವೇ ಹೋಗಿರುವುದಿಲ್ಲ. ಒಂದೊಂದೇ ಫೈಲನ್ನು 1 ಎಂಬಿಗಿಂತ ಕೆಳಗಿಳಿಸಿ ಹಾಕಿದರೆ ಬಹುತೇಕ ದಾಟುತ್ತದೆ. 504 ಮಾತ್ರ ಮೋಸದ್ದು. ಮುಂದೆ ನಿಂತಿರುವ ಸರ್ವರ್ ಹಿಂದಿನದರ ಉತ್ತರಕ್ಕೆ ಕಾದು ಬೇಸತ್ತು ಕೈಚೆಲ್ಲಿದೆ, ಆದರೆ ಹಿಂದಿನ ಸರ್ವರ್ ನಿಮ್ಮ ಅರ್ಜಿಯನ್ನು ಅಷ್ಟರಲ್ಲಿ ದಾಖಲಿಸಿಯೂ ಇರಬಹುದು. ಮತ್ತೆ ‘ಸಬ್‌ಮಿಟ್’ ಒತ್ತುವ ಮೊದಲು ಹೊರಬಂದು, ಹೊಸದಾಗಿ ಲಾಗಿನ್ ಆಗಿ, ‘ನನ್ನ ಅರ್ಜಿಗಳು’ ಪಟ್ಟಿಯಲ್ಲಿ ಅದು ಈಗಾಗಲೇ ಬಂದು ಕೂತಿದೆಯೇ ನೋಡಿಕೊಳ್ಳಿ.